ಮುಖವಿಲ್ಲದವನ ಸಲಾಂ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ನಲವತ್ತೊಂದು ಮಂದಿ ನಿಂತಿದ್ದಾರೆ. ಕೊಡಲಿ ಹಿಡಿದವರು, ಬಿಲ್ಲು ಹಿಡಿದವರು, ಕೋಲಿನ ತುದಿಯಲ್ಲಿ ನೀಲಿ ಬೆಂಕಿ ಹೊತ್ತಿಸಿಕೊಂಡವರು, ಎರಡು ಬಾಲದ ಹಲ್ಲಿಗಳು, ಎದ್ದು ನಿಂತ ಎಲುಬಿನ ಹಂದರಗಳು. ಯಾರೂ ನನ್ನ ಹೆಬ್ಬೆರಳಿಗಿಂತ ಎತ್ತರವಿಲ್ಲ. ಬೂಟಿನ ಲಾಡಿ, ಬೆಲ್ಟಿನ ಕೊಂಡಿ, ಉಗುರಿನ ಸಂದಿಯ ಕೊಳೆ, ಯಾವುದನ್ನೂ ಬಿಡದೆ ಬಣ್ಣ ಹಚ್ಚಿದ್ದೇನೆ. ಮುಖ ಮಾತ್ರ ಒಬ್ಬರಿಗೂ ಇಲ್ಲ. ಟೋಪಿಯ ಕೆಳಗೆ, ಕಬ್ಬಿಣದ ಶಿರಸ್ತ್ರಾಣದ ಕೆಳಗೆ, ಎಲ್ಲರಿಗೂ ಒಂದೇ ಸಮನಾದ ಕಪ್ಪು. ಮೊದಲ ಸಲ ಮನೆಗೆ ಬಂದವರು ಕಪಾಟಿನ ಮುಂದೆ ಬಗ್ಗಿ ನೋಡುತ್ತಾರೆ, ಚೆನ್ನಾಗಿದೆ ಎನ್ನುತ್ತಾರೆ, ಆಮೇಲೆ ಕೂರುವಾಗ ಅದಕ್ಕೆ ಬೆನ್ನು ಹಾಕಿ ಕೂರುವುದಿಲ್ಲ.

ಇದು ನನ್ನ ಕಲಾಪ್ರಜ್ಞೆ ಎಂದು ಕೆಲವರ ಹತ್ತಿರ ಕೊಚ್ಚಿಕೊಂಡದ್ದುಂಟು. ನಿಜ ಹೇಳಿದರೆ ಇದು ಮಾಮನೊಂದಿಗೆ ಆದ ಒಪ್ಪಂದ.

ಮಾಮ ಎಂದರೆ ನನ್ನ ಅಮ್ಮನ ಅಣ್ಣ. ರಿಯಾದಿನ ಒಲಾಯಾದಲ್ಲಿ, ಗಾಜಿನ ದೊಡ್ಡ ಕಟ್ಟಡಗಳ ಹಿಂದಿನ ಓಣಿಯಲ್ಲಿ, ಮೂರು ಮಹಡಿಯ ಹಳೆಯ ಕಟ್ಟಡದ ಮೇಲಿನ ಮನೆಯಲ್ಲಿ ನಾವಿಬ್ಬರು ಇದ್ದೆವು. ಅವರಿಗೆ ಹೆಂಗಸರ ಅಬಾಯಾ ನಿಲುವಂಗಿಯ ಬಟ್ಟೆಯ ಅಂಗಡಿ, ನನಗೆ ಎರಡು ಓಣಿ ಆಚೆ ಆಫೀಸು. ಗೊಂಬೆಗಳ ಪೆಟ್ಟಿಗೆ ತಂದದ್ದು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಭಟ್ಕಳದವನು. ಊರಿಗೆ ಕಾಯಂ ಹೊರಟುಹೋದ ಯಾರೋ ಅವನಿಗೆ ಬಿಟ್ಟುಹೋಗಿದ್ದ ಆಟ. ರಟ್ಟಿನ ತುಂಡುಗಳನ್ನು ಒಂದೊಂದಾಗಿ ಜೋಡಿಸುತ್ತಾ ನೆಲದಡಿಯ ಕತ್ತಲೆ ಕೋಣೆಗಳಿಗೆ ಇಳಿಯಬೇಕು. ಬಾಗಿಲು ತೆರೆದು, ದಾಳ ಉರುಳಿಸಿ, ಕಾರ್ಡು ಎತ್ತುವ ತನಕ ಒಳಗೆ ಏನು ಕಾದಿದೆ ಎಂದು ಯಾರಿಗೂ ಗೊತ್ತಿಲ್ಲ. ಗೊಂಬೆಗಳೆಲ್ಲ ಬೂದು ಪ್ಲಾಸ್ಟಿಕ್ಕಿನವು. ನಾನು ಬಣ್ಣ ಹಚ್ಚುತ್ತೇನೆ ಎಂದೆ. ಮಾಮ ಒಂದನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಜೀವ ಇರುವುದರ ಮುಖ ಬಿಡಿಸುವುದು ತನಗೆ ಸರಿ ಕಾಣುವುದಿಲ್ಲ, ಅದರ ಲೆಕ್ಕ ಬೇರೆಯವರದ್ದು ಬೇರೆ ಇರಬಹುದು, ಆದರೆ ತಾನು ನಮಾಜು ಮಾಡುವ ಮನೆಯಲ್ಲಿ ಇಷ್ಟು ಕಣ್ಣುಗಳು ತನ್ನನ್ನು ನೋಡುವುದು ಬೇಡ ಎಂದರು. "ಆಡು, ಬಣ್ಣ ಹಚ್ಚು. ಮುಖ ಬೇಡ. ಆಯ್ತಲ್ಲ?" ಆಯ್ತು ಎಂದೆ.

ಮಾಮ ಈ ವಿಷಯದಲ್ಲಿ ತಮಗೂ ಅಷ್ಟೇ ಬಿಗಿ. ಗೋಡೆಯಲ್ಲಿ ಒಂದು ಫೋಟೋ ಇರಲಿಲ್ಲ. ವೀಡಿಯೊ ಕರೆ ಮಾಡುತ್ತಿರಲಿಲ್ಲ. ಊರಿನಲ್ಲಿ ಕನ್ನಡ ಶಾಲೆಯ ಟೀಚರಾಗಿರುವ ಮಾಮಿಯೊಂದಿಗೆ ಇಪ್ಪತ್ತಾರು ವರ್ಷದ ಸಂಸಾರವನ್ನು, ರಜೆಯ ತಿಂಗಳುಗಳನ್ನು ಬಿಟ್ಟರೆ, ಬರಿಯ ಸ್ವರದಲ್ಲಿ ನಡೆಸಿದವರು. ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಒಂದು ಕರೆ. ಅವರಿಬ್ಬರ ಮಾತು ಕನ್ನಡದಲ್ಲಿ. ಮಾಮಿ ನಮ್ಮ ಮನೆಮಾತು ಬ್ಯಾರಿಗೆ ಹೊರಳಿದರೆ ಜಗಳ ಸುರುವಾಗಿದೆ ಎಂದು ಅರ್ಥ.

ರಿಯಾದಿನಲ್ಲಿ ಗೊಂಬೆಗೆ ಬಣ್ಣ ಹಚ್ಚುವುದು ಬಿಸಿ ತವದ ಮೇಲೆ ಪತ್ರ ಬರೆದ ಹಾಗೆ. ಮೊದಲು ಕಪ್ಪು ಪ್ರೈಮರ್ ಸ್ಪ್ರೇ ಮಾಡಬೇಕು. ತಾರಸಿಗೆ ಹೋಗಿ ಡಬ್ಬಿ ಒತ್ತಿದರೆ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ ಪುಡಿಯಾಗಿ ಕೂರುತ್ತದೆ. ನನ್ನ ಮೊದಲ ಕೊಡಲಿಯವನ ಮೈ ಈಗಲೂ ಮರಳು ಮೆತ್ತಿದ ಹಾಗಿದೆ. ತಟ್ಟೆಗೆ ಹಿಂಡಿದ ಬಣ್ಣ ಎರಡು ನಿಮಿಷದಲ್ಲಿ ಚರ್ಮ ಕಟ್ಟುತ್ತದೆ ಎಂದು ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಕಾಗದ ಹಾಸಿ ಅದರಲ್ಲಿ ಕಲಸುವುದು ಕಲಿತೆ. ಗೊಂಬೆಯ ಪಾದವನ್ನು ಲಬನ್ ಮಜ್ಜಿಗೆಯ ಬಾಟಲಿಯ ಮುಚ್ಚಳಕ್ಕೆ ಅಂಟಿಸಿ, ಮುಚ್ಚಳ ಹಿಡಿದು ಕೆಲಸ. ಎಲ್ಲ ಮುಗಿದ ಮೇಲೆ ಮುಖದ ಜಾಗಕ್ಕೆ ಇನ್ನೊಂದು ಸಲ ಕಪ್ಪು. ಅಲ್ಲಿ ಮೂಗು, ಕಣ್ಣಿನ ಗುಳಿ, ತುಟಿ ಎಲ್ಲ ಅಚ್ಚಿನಲ್ಲೇ ಇರುತ್ತವೆ. ಕುಂಚಕ್ಕೆ ತಗಲುತ್ತವೆ. ಇದ್ದದ್ದನ್ನು ಇಲ್ಲ ಮಾಡುವ ಆ ಕೊನೆಯ ಎರಡು ಗೆರೆ ಎಳೆಯುವಾಗ ನಾನು ಉಸಿರು ಹಿಡಿಯುತ್ತಿದ್ದೆ. ಭಟ್ಕಳದವನು ಅದನ್ನು ನೋಡಿ, ಮುಖಕ್ಕೆ ದಿಂಬು ಒತ್ತುವವನ ಹಾಗೆ ಕಾಣ್ತೀಯ ಮಾರಾಯ ಎಂದ.

ನನಗಿರುವ ಇನ್ನೊಂದು ವಿದ್ಯೆ ಗಂಟಲಿನದು. ಯಾರ ಸ್ವರವನ್ನಾದರೂ ಹತ್ತು ನಿಮಿಷ ಕೇಳಿದರೆ ಕದ್ದುಬಿಡುತ್ತೇನೆ. ಆಫೀಸಿನ ಮ್ಯಾನೇಜರ್ ಬೇಗ ನಡೀರಿ ಎಂದು ‘ಯಲ್ಲಾ’ ಎನ್ನುವಾಗ ಕೊನೆಯ ಅಕ್ಷರ ಮೂಗಿಗೆ ಏರುವುದು, ಮೆಟ್ರೋದ ಬಾಗಿಲು ಮುಚ್ಚುವ ಮೊದಲು ಮಾತಾಡುವ ಆ ಹೆಂಗಸು, ಕೆಳಗಿನ ಕಾವಲುಗಾರನ ಕೆಮ್ಮು, ಭಟ್ಕಳದವನು ಸುಳ್ಳು ಹೇಳುವ ಮುಂಚೆ ಎಳೆಯುವ ಉದ್ದನೆಯ ‘ಅಲ್ಲ’. ನನ್ನನ್ನೂ ಬಿಟ್ಟಿಲ್ಲ. ಸಂದರ್ಶನದಲ್ಲಿ ನಾನು ಮಾತಾಡಿದ ಇಂಗ್ಲಿಷನ್ನು ನಾನೇ ಅಣಕಿಸಿದರೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹಾಗಾದರೆ ನಿನ್ನ ಸ್ವಂತ ಸ್ವರ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಇಟ್ಟದ್ದು ಎಲ್ಲೋ ಇದೆ.

ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಮಾಮನದು. ಬೆಳಿಗ್ಗೆ ಅಂಗಡಿಯ ಶಟರ್ ಮೇಲೆತ್ತುವಾಗ ಬರುವ ಸದ್ದುಂಟಲ್ಲ, ಕೆಳಗೆ ಗಡಗಡ ಎಂದು ಸುರುವಾಗಿ ಮೇಲೆ ಹೋಗುತ್ತಾ ತೆರೆದುಕೊಳ್ಳುವುದು, ಹಾಗೆ ಅವರ ಸ್ವರ. ಆ ಸ್ವರಕ್ಕಾಗಿಯೇ ಹೆಂಗಸರು ಅವರ ಅಂಗಡಿಗೆ ಬರುತ್ತಾರೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರೂ ಅದನ್ನು ನಂಬಿದ್ದರು ಎಂದು ಕಾಣುತ್ತದೆ.

ಶುಕ್ರವಾರ ಜುಮಾ ನಮಾಜು ಮುಗಿಸಿ, ಬಿರಿಯಾನಿ ತಿಂದು, ಮೂವರೂ ಆಟಕ್ಕೆ ಕೂರುವುದು ರೂಢಿಯಾಯಿತು. ಮಾಮ ಮೊದಲು ಬರಿಯ ನೋಡುತ್ತಿದ್ದವರು, ಎರಡನೆಯ ವಾರಕ್ಕೆ ಕೊಡಲಿಯವನನ್ನು ತನ್ನ ಕಡೆಗೆ ಎಳೆದುಕೊಂಡರು. ರಾಕ್ಷಸರ ಜೊತೆ ಗಿರಾಕಿಗಳ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ಇನ್ನೊಂದು ಪದ್ಧತಿಯನ್ನೂ ತಂದರು: ರಟ್ಟಿನ ಬಾಗಿಲು ಯಾವುದೇ ಇರಲಿ, ತೆರೆಯುವ ಮೊದಲು ಸಲಾಂ. ಖಾಲಿ ಮನೆಗೆ ಹೊಕ್ಕರೂ ನಾವು ಸಲಾಂ ಹೇಳಿಯೇ ಹೊಗುವವರು, ಇದು ಎಂಥದೇ ಮನೆಯಾಗಲಿ ಎಂದು ಅವರ ವಾದ. ಕೊಡಲಿಯವನನ್ನು ಬಾಗಿಲ ಮುಂದೆ ನಿಲ್ಲಿಸಿ, ಶಟರ್ ಎತ್ತಿದ ಹಾಗೆ, "ಅಸ್ಸಲಾಮು ಅಲೈಕುಂ" ಎನ್ನುತ್ತಿದ್ದರು. ಆಮೇಲೆ ದಾಳ.

ಹೀಗೆ ಚಳಿಗಾಲವೊಂದು ಕಳೆಯಿತು. ಬೇಸಿಗೆಯ ಮೊದಲಿಗೆ ಮಾಮನ ಸ್ವರದಲ್ಲಿ ಮರಳು ಸೇರಿತು. ಧೂಳು ಎಂದುಕೊಂಡರು, ಏಸಿ ಎಂದುಕೊಂಡರು, ಜೇನು ನೆಕ್ಕಿದರು. ಕೊನೆಗೆ ಡಾಕ್ಟರು ಕೊಳವೆ ಇಳಿಸಿ ನೋಡಿ ಸ್ವರಪೆಟ್ಟಿಗೆಯಲ್ಲಿ ಗಂಟು ಇದೆ ಎಂದರು. ಕೊಯ್ದು ತೆಗೆದರು. ಕೆಟ್ಟ ಜಾತಿಯದ್ದಲ್ಲ ಎಂದು ವರದಿ ಬಂತು, ಅಲ್ಹಮ್ದುಲಿಲ್ಲಾಹ್, ಆ ಭಯ ಅಲ್ಲಿಗೆ ಮುಗಿಯಿತು. ಉಳಿದದ್ದು ಸ್ವರ. ಎರಡು ವಾರ ಒಂದು ಶಬ್ದವೂ ಕೂಡದು, ಪಿಸುಮಾತಂತೂ ಇನ್ನೂ ಕೂಡದು ಎಂದರು ಡಾಕ್ಟರು. ಆಮೇಲೆ ಹಳೆಯ ಸ್ವರ ಬರುತ್ತದೆಯೇ ಎಂದು ನಾನು ಕೇಳಿದಾಗ ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿ, ನೋಡೋಣ ಎಂದರು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಾಮ ಬಟ್ಟೆಯ ಅಳತೆ ಬರೆಯುವ ಚೀಟಿಗಳ ಕಟ್ಟು ತೆಗೆದುಕೊಂಡು ಕೂತರು. ಅಸರ್ ಆದ ಮೇಲೆ ಒಂದರಲ್ಲಿ ಬರೆದು ನನ್ನ ಕಡೆ ತಳ್ಳಿದರು. ‘ಮಾಮಿಗೆ ಫೋನ್ ಮಾಡು. ನನ್ನ ಸ್ವರದಲ್ಲಿ.’

ನಾನು ನಕ್ಕೆ. ಅವರು ನಗಲಿಲ್ಲ.

ಗಂಟಲು ಸರಿ ಇಲ್ಲ, ಮೆಸೇಜು ಮಾತ್ರ ಮಾಡುತ್ತೇನೆ ಎಂದು ಹೇಳಿದರೆ ಆಗದೇ ಎಂದೆ. ಹೇಳಿದ ಮೇಲೆ ನನಗೇ ನೆನಪಾಯಿತು. ಹಲವು ವರ್ಷಗಳ ಹಿಂದೆ ನಮ್ಮ ಊರ ಕಡೆಯ ಒಬ್ಬರು ಇಲ್ಲಿ ಕೋಣೆಯಲ್ಲೇ ತೀರಿಕೊಂಡಿದ್ದರು. ಮನೆಗೆ ಹೇಳುವ ಧೈರ್ಯ ಜೊತೆಗಿದ್ದವರಿಗೆ ಬರಲಿಲ್ಲ. ಕಾಗದಪತ್ರ ಆಗುವ ತನಕ ಎರಡು ದಿನ, ಸತ್ತವರ ಫೋನಿನಿಂದಲೇ, ‘ಗಂಟಲು ಸರಿ ಇಲ್ಲ, ಮಾತಾಡಲಿಕ್ಕೆ ಆಗುವುದಿಲ್ಲ’ ಎಂದು ಮೆಸೇಜು ಕಳಿಸಿದ್ದರು. ಆ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಎಂದು ಉತ್ತರ ಬರೆದಿದ್ದರು. ಅಂದಿನಿಂದ ನಮ್ಮ ಕಡೆಯ ಹೆಂಗಸರಿಗೆ ಆ ಮಾತಿಗೆ ಒಂದೇ ಅರ್ಥ. ಮಾಮನಿಗೆ ನಿಜಕ್ಕೂ ಗಂಟಲು ಸರಿ ಇರಲಿಲ್ಲ. ಅದನ್ನು ಹೇಳುವ ಮಾತು ಮಾತ್ರ ಅವರ ಪಾಲಿಗೆ ಉಳಿದಿರಲಿಲ್ಲ.

ಫೋನನ್ನು ನಮ್ಮಿಬ್ಬರ ನಡುವೆ ಇಟ್ಟರು. ಅವರ ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ಸ್ಪೀಕರಿಗೇ ಹೋಗುತ್ತದೆ. ಹೇಳಬೇಕಾದ್ದನ್ನು ಅವರು ಚೀಟಿಯಲ್ಲಿ ಬರೆಯುತ್ತಿದ್ದರು, ನಾನು ಹೇಳುತ್ತಿದ್ದೆ. ಮಾಮಿ ಬಂಗುಡೆ ಮೀನಿನ ವಿಷಯ ಹೇಳಿದರು, ಶಾಲೆಯ ಹೊಸ ಹೆಡ್‌ಮಾಸ್ಟರನ್ನು ಬೈದರು. ನಾನು ಹೂಂ ಎಂದೆ, ಹೌದಾ ಎಂದೆ, ಮಾಮ ನಗುವಲ್ಲಿ ನಕ್ಕೆ. ಆರು ನಿಮಿಷ. ಮಾಮಿಗೆ ಏನೂ ಗೊತ್ತಾಗಲಿಲ್ಲ. ಕರೆ ಮುಗಿದಾಗ ನನಗೆ ನನ್ನ ಬಗ್ಗೆ ಭಾರಿ ಹೆಮ್ಮೆ. ಮಾಮನ ಕಡೆ ತಿರುಗಿ ಹೇಗೆ ಎಂದು ಹುಬ್ಬು ಹಾರಿಸಿದೆ. ಅವರು ತಮ್ಮ ಕೊರಳಿಗೆ ಕೈ ಇಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಕಳೆದುಹೋದ ಚಪ್ಪಲಿಯನ್ನು ಬೇರೆಯವರ ಕಾಲಲ್ಲಿ ಕಂಡವರ ಹಾಗೆ.

ನಾಲ್ಕು ದಿನ ಕಳೆಯುವಷ್ಟರಲ್ಲಿ ಚೀಟಿ ಬರೆದು ಮುಗಿಯುವ ಮೊದಲೇ ನನಗೆ ವಾಕ್ಯ ಗೊತ್ತಾಗತೊಡಗಿತು. ನಾನು ಹೇಳಿ ಮುಗಿಸುತ್ತಿದ್ದೆ, ಅವರ ಪೆನ್ನು ಅದೇ ಶಬ್ದಕ್ಕೆ ಬಂದು ನಿಲ್ಲುತ್ತಿತ್ತು. ನಾನು ಮಾತಾಡುವಾಗ ಅವರ ತುಟಿ ಅಲುಗುತ್ತಿತ್ತು. ದೂರದಿಂದ ನೋಡಿದವರಿಗೆ ಮಾಮ ಮಾತಾಡುತ್ತಿದ್ದಾರೆ, ಎದುರಿನ ಹುಡುಗ ಸುಮ್ಮನೆ ಬಾಯಿ ಆಡಿಸುತ್ತಿದ್ದಾನೆ ಎಂದೇ ಕಾಣಬೇಕು. ಶುಕ್ರವಾರದ ಆಟದಲ್ಲೂ ಕೊಡಲಿಯವನ ಸಲಾಂ ನನ್ನ ಪಾಲಿಗೆ ಬಂತು. ಮಾಮ ಅದಕ್ಕಾಗಿಯೇ ಬೇಕೆಂದು ಹೆಚ್ಚು ಬಾಗಿಲು ತೆರೆಯುತ್ತಾರೆ ಎಂದು ಭಟ್ಕಳದವನಿಗೆ ಅನುಮಾನ. ಕೆಲವೊಮ್ಮೆ ಆಟವಿಲ್ಲದ ದಿನವೂ ಚೀಟಿ ಬರುತ್ತಿತ್ತು: ‘ಒಮ್ಮೆ ಸಲಾಂ ಹೇಳು.’ ನಾನು ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಷ್ಟೇ, ಬೇರೇನೂ ಇಲ್ಲ.

ಎರಡು ವಾರ ಮುಗಿದಾಗ ಡಾಕ್ಟರು ಗಾಯ ಇನ್ನೂ ಆರಿಲ್ಲ ಎಂದು ಮತ್ತೆ ಎರಡು ವಾರ ಹಾಕಿದರು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಫೋನು ಬಂತು, ಕಣ್ಣು ಬಿಡದೆ ಎತ್ತಿದೆ. ಅಮ್ಮ. ನನ್ನ ಹಲೋ ಕೇಳಿ ಒಂದು ಗಳಿಗೆ ನಿಂತು, ಅಣ್ಣ ನೀವಾ, ಇವನ ಫೋನು ನಿಮ್ಮ ಹತ್ತಿರ ಉಂಟಾ ಎಂದು ಸುರು ಮಾಡಿದಳು. ಮಗನಿಗೆ ಮೂವತ್ತು ಹತ್ತಿರ ಬಂತು, ಇನ್ನೂ ಗೊಂಬೆಯಾಟ, ನೀವಾದರೂ ನಾಲ್ಕು ಮಾತು ಹೇಳಿ ಎಂದಳು. ನಾನು ಗಂಭೀರವಾಗಿ, ಹೇಳುವ, ಎಂದೆ. ಕರೆ ಮುಗಿದು ಎದ್ದು ಕೂತ ಮೇಲೆಯೇ ತಿಳಿದದ್ದು, ನಾನು ಅಣಕಿಸುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಕನ್ನಡಿಯ ಮುಂದೆ ನನ್ನ ಹೆಸರು ಹೇಳಿಕೊಂಡೆ. ಮೂರನೆಯ ಸಲಕ್ಕೆ ನನ್ನದು ಎನ್ನಬಹುದಾದ ಏನೋ ಒಂದು ಹೊರಗೆ ಬಂತು. ಭಟ್ಕಳದವನಿಗೆ ಇದನ್ನು ಹೇಳಿ ನಗಿಸಲು ನೋಡಿದೆ. ನೀನು ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡು ಇರುವುದು ಒಳ್ಳೆಯದು ಎಂದ. ಅವನು ಮುಂಚೆಯೂ ಹಾಗೆ ಹೇಳಿದ್ದಾನೆ, ಆದರೆ ಆ ಸಲ ನನ್ನ ಮುಖ ನೋಡದೆ ಹೇಳಿದ.

ಮೂರನೆಯ ಶುಕ್ರವಾರ ಧೂಳಿನ ಬಿರುಗಾಳಿ. ಬಿಸಿಲಿಗೆಂದು ಕಿಟಕಿಯ ಗಾಜಿಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆಯ ಹರಿದ ಅಂಚಿನಿಂದ ಕಿತ್ತಳೆ ಬಣ್ಣದ ಬೆಳಕು ಬಂದು ಮೇಜಿನ ಮೇಲೆ ಬಿದ್ದಿತ್ತು. ಮೂರು ಗಂಟೆಯ ಮಧ್ಯಾಹ್ನ. ಆಚೆಯ ಕಟ್ಟಡಗಳು ಇರಲಿಲ್ಲ. ಓಣಿಯ ಸದ್ದೂ ಇರಲಿಲ್ಲ, ಗಾಳಿ ಮಾತ್ರ ಬಾಗಿಲಿನ ಅಡಿಯಿಂದ ಒಳಗೆ ಬರಲು ಯಾರದೋ ಅಪ್ಪಣೆ ಕೇಳುತ್ತಿದ್ದ ಹಾಗೆ ಎಳೆಯುತ್ತಿತ್ತು. ಕಪಾಟಿನ ಗಾಜಿಗೂ ಆ ಬೆಳಕು ಬಿದ್ದು, ಗೊಂಬೆಗಳ ಬಟ್ಟೆಯ ಬಣ್ಣವೆಲ್ಲ ಒಂದೇ ಆಗಿ, ಮುಖದ ಕಪ್ಪುಗಳು ಮಾತ್ರ ಎದ್ದು ಕಾಣುತ್ತಿದ್ದವು. ಮಾಮ ಒಣಗಲು ಹಾಕಿದ ಬಟ್ಟೆ ತರಲು ತಾರಸಿಗೆ ಓಡಿದ್ದರು. ಅವರ ಕೊಡಲಿಯವನು ಬಾಗಿಲೊಂದರ ಮುಂದೆ ನಿಂತಿದ್ದ. ಅವರು ಬರುವ ತನಕ ಕಾಯುವುದೇ ಎಂದ ಭಟ್ಕಳದವನು. ಬೇಡ ಎಂದು ನಾನು ನಿಯಮದ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಗೊಂಬೆಯ ಮೇಲೆ ಬೆರಳಿಟ್ಟು, ಮಾಮನ ಸ್ವರ ಎತ್ತಿದೆ.

"ಅಸ್ಸಲಾಮು ಅಲೈಕುಂ."

"ವಅಲೈಕುಂ ಸಲಾಂ," ಎಂದಿತು ಬಾಗಿಲಿನ ಒಳಗಿನಿಂದ ಒಂದು ಹೆಣ್ಣು ಸ್ವರ.

ಭಟ್ಕಳದವನ ಕೈಯಿಂದ ದಾಳಗಳು ಉರುಳಿ ನೆಲಕ್ಕೆ ಹೋದವು. ಅವನ ತುಟಿ ಯಾವುದೋ ಪ್ರಾರ್ಥನೆಯನ್ನು ಓದತೊಡಗಿತು. ನಾನು ರಟ್ಟಿನ ಬಾಗಿಲಿನಿಂದ ಬೆರಳು ತೆಗೆಯಲಾರದೆ ಕೂತಿದ್ದೆ. ಆಮೇಲೆ ಕಂಡಿತು: ಪುಸ್ತಕದ ಅಡಿಯಲ್ಲಿ ಮಾಮನ ಫೋನು ಇತ್ತು. ಸದ್ದು ಮಾಡದಂತೆ ಇಟ್ಟಿದ್ದ ಫೋನಿಗೆ ಆ ಗಳಿಗೆಯಲ್ಲೇ ಕರೆ ಬಂದಿದೆ, ಪುಸ್ತಕ ಸರಿಸಿದಾಗ ನನ್ನ ಕೈ ತಗಲಿ ತೆರೆದುಕೊಂಡಿದೆ. ಮಾಮಿ.

ಕರೆ ಮುಗಿಸಬಹುದಿತ್ತು. ಮಾಮನನ್ನು ಕೂಗಬಹುದಿತ್ತು. ಮಾಮಿ ಆಗಲೇ ಮಾತಾಡುತ್ತಿದ್ದರು. ಶಾಲೆಗೆ ರಜೆ, ಮಲಗಿ ಎದ್ದೆ, ಯಾಕೋ ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡಬೇಕು ಅನ್ನಿಸಿತು ಎಂದರು. ಅವರ ಸ್ವರ ದಿನದ ಹಾಗಿರಲಿಲ್ಲ. ಚೀಟಿಗಳ ಎದುರು ನಾನು ಕೇಳಿದ್ದ ಮಾಮಿ ಬೇರೆ.

"ಈಗ ನಿಮ್ಮ ಸಲಾಂ ಕೇಳಿದ್ದು ಉಂಟಲ್ಲ, ನಮ್ಮ ಬಾಗಿಲಲ್ಲೇ ಹೇಳಿದ ಹಾಗೆ ಆಯ್ತು. ನಾನು ಎದ್ದು ನಿಂತೆ ನೋಡಿ," ಎಂದರು. ಆಮೇಲೆ, "ಸಾಕಲ್ಲ? ಇಷ್ಟು ವರ್ಷ ನಾನು ಕೇಳಲಿಲ್ಲ. ಈಗ ಕೇಳ್ತಾ ಇದ್ದೇನೆ. ಬರ್ತೀರಾ?" ಎಂದರು.

ಇಂಥ ಪ್ರಶ್ನೆಗೆ ಮಾಮನ ಉತ್ತರ ಏನಿರುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ‘ಇನ್ಷಾ ಅಲ್ಲಾಹ್, ನೋಡುವ.’ ನಾಳೆ ಅಂಗಡಿಗೆ ಹೋಗುವುದಕ್ಕೂ ದೇವರಿಚ್ಛೆಯಿದ್ದರೆ ಎಂಬ ಆ ಇನ್ಷಾ ಅಲ್ಲಾಹ್ ಸೇರಿಸದೆ ಮಾತು ಮುಗಿಸಿದವರಲ್ಲ ಅವರು. ಅದನ್ನೇ ಹೇಳಲು ಬಾಯಿ ತೆರೆದೆ.

"ಬರ್ತೇನೆ," ಎಂದಿತು ಸ್ವರ.

ಅಷ್ಟೇ. ಮುಂದೆ ಏನೂ ಇಲ್ಲ. ಮಾಮಿ ಹೂಂ ಎಂದು, ಮತ್ತೊಮ್ಮೆ ಹೂಂ ಎಂದು, ಕರೆ ಇಟ್ಟರು.

ಭಟ್ಕಳದವನು ನನ್ನನ್ನೇ ನೋಡುತ್ತಿದ್ದ. "ಎಂತ ಮಾಡಿದೆ ನೀನು?"

"ನಾನಲ್ಲ," ಎಂದೆ. ಅದನ್ನು ಹೇಳಿದ್ದೂ ಮಾಮನ ಸ್ವರದಲ್ಲೇ.

ಮಾಮ ಧೂಳು ಮೆತ್ತಿದ ಬಟ್ಟೆಗಳನ್ನು ಹೊತ್ತು ಒಳಗೆ ಬಂದರು. ಬಾಗಿಲು ತೆರೆದಾಯಿತೇ ಎಂದು ಕೈಸನ್ನೆ ಮಾಡಿದರು. ಇಲ್ಲ ಎಂದು ತಲೆಯಾಡಿಸಿದೆವು. ಅವರಿಗೆ ಏನೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅವರ ಹೆಂಡತಿಗೆ ಅವರು ಇಪ್ಪತ್ತಾರು ವರ್ಷ ಕೊಡದ ಮಾತನ್ನು ನಾನು ಒಂದು ಗೊಂಬೆಯ ಮೇಲೆ ಬೆರಳಿಟ್ಟುಕೊಂಡು ಕೊಟ್ಟಿದ್ದೆ.

ಮುಂದಿನ ದಿನಗಳ ಕರೆಗಳಲ್ಲಿ ಮಾಮಿ ಆ ಮಾತು ಎತ್ತಲಿಲ್ಲ. ಒಂದು ದಿನ ಮಾತ್ರ ಪಡಸಾಲೆಯ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ ಎಂದರು. ಮಾಮ ಚೀಟಿಯಲ್ಲಿ ‘ಯಾಕೆ?’ ಎಂದು ಬರೆದು ತಳ್ಳಿದರು. ನಾನು ಅದನ್ನು ನೋಡಿ, ಒಳ್ಳೆಯದಾಯಿತು, ಎಂದೆ. ಮಾಮ ಚೀಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಅಂದಿನಿಂದ ನಾನು ಮಾತಾಡುವಾಗ ಅವರ ತುಟಿ ಅಲುಗುವುದು ನಿಂತಿತು. ಗಿರಾಕಿಯ ಕೈ ಯಾವ ಬಟ್ಟೆಯ ಥಾನಿನ ಕಡೆ ಹೋಗುತ್ತಿದೆ ಎಂದು ಗಮನಿಸುವವರ ಹಾಗೆ ನೋಡುತ್ತಿದ್ದರು.

ನಾಲ್ಕನೆಯ ವಾರ ಮುಗಿದ ಮೇಲೆ ಡಾಕ್ಟರು ಗಂಟಲಿಗೆ ಬೆಳಕು ಹಾಕಿ, ಈಗ ಮಾತಾಡಿ ಎಂದರು. ಮಾಮ ಬಿಸ್ಮಿಲ್ಲಾಹ್ ಎಂದರು. ಥಾನಿನಿಂದ ಬಟ್ಟೆಯನ್ನು ಕೈಯಲ್ಲೇ ಹರಿದರೆ ಬರುವ ಸದ್ದು. ಸಣ್ಣ, ಒಣ, ಉದ್ದ. ಅವರು ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು, ನಿಜವಾಗಿ ತಿರುಗಿ ನೋಡಿದರು. ಡಾಕ್ಟರು ಇನ್ನು ಸ್ವಲ್ಪ ಸುಧಾರಿಸಬಹುದು, ಆದರೆ ಮೊದಲಿನದು ಬರುವುದಿಲ್ಲ ಎಂದರು. ಟ್ಯಾಕ್ಸಿಯಲ್ಲಿ ನಾನು ನಗಿಸಲು ಮ್ಯಾನೇಜರನ್ನು ತೆಗೆದೆ, ಕಾವಲುಗಾರನ ಕೆಮ್ಮು ತೆಗೆದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಒಂದೊಂದೇ ಶಬ್ದವನ್ನು ಮೆಲ್ಲಗೆ ಹೇಳಿ ಕೇಳಿಸಿಕೊಳ್ಳುತ್ತಿದ್ದರು. ಉಪ್ಪು. ಬಾಗಿಲು. ಮಾಮಿಯ ಹೆಸರು.

ಅಸರ್ ಆಯಿತು. ಇವತ್ತೂ ನಾನೇ ಮಾತಾಡಲೇ ಎಂದು ಕೇಳಿದೆ. ಬೇಡ ಎಂದು ಕೈ ಮಾಡಿ, ಚೀಟಿಗಳ ಕಟ್ಟನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ಫೋನನ್ನು ಎದುರಿಟ್ಟುಕೊಂಡು ಬೆನ್ನು ನೇರ ಮಾಡಿ ಕೂತರು, ಹೊಸ ಅಂಗಡಿಯ ಮೊದಲ ದಿನದ ಹಾಗೆ.

"ಹಲೋ," ಎಂದರು.

"ಯಾರು?"

"ನಾನು."

"ಯಾರು ನೀವು? ಅವರಿಗೆ ಕೊಡಿ ಫೋನು."

"ನಾನೇ ಮಾರಾಯ್ತಿ."

ಆ ಕಡೆ ಹಿಂದೆಲ್ಲೋ ಕಾಗೆ ಕೂಗುವುದು ಕೇಳಿತು. ಆಮೇಲೆ ಮಾಮಿ ಶಾಂತವಾಗಿ, ತರಗತಿಯಲ್ಲಿ ಉಕ್ತಲೇಖನ ಹೇಳುವವರ ಹಾಗೆ ಮಾತಾಡಿದರು. "ನೋಡಿ, ನೀವು ಯಾರೇ ಇರಿ, ಅವರ ಜೊತೆಯವರು ಇರಬೇಕು. ಎಂತ ಆಗಿದೆ ಹೇಳಿ. ನಾನು ಕೂತಿದ್ದೇನೆ."

ಗಂಡನ ಫೋನಿನಿಂದ ಅಪರಿಚಿತ ಸ್ವರ ಬಂದರೆ ಹೆಂಗಸು ಕೂತುಕೊಳ್ಳಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಕಲಿಸದೆ ಬಂದ ಪಾಠ. ಮಾಮ ಮತ್ತೆ ನಾನೇ ಎಂದರು. ಆ ಸ್ವರ ಇನ್ನೂ ಸಣ್ಣದಾಯಿತು. ಅವರು ಫೋನನ್ನು ನನ್ನ ಕಡೆ ತಳ್ಳಿ, ಕೈಯಿಂದ ತಮ್ಮ ಕೊರಳು ತೋರಿಸಿ, ನನ್ನ ಬಾಯಿ ತೋರಿಸಿದರು. ಮಾತಾಡು ಎಂದು.

ನನ್ನ ಬಾಯಿಯಲ್ಲಿ ಅದು ಆಗಲೇ ಬಂದು ಕೂತಿತ್ತು. ಶಟರ್ ಎತ್ತುವ ಮುಂಚಿನ ಆ ಸಣ್ಣ ಗಡಗಡ ನಾಲಿಗೆಯ ಬುಡದಲ್ಲಿ ಕೇಳಿಸುತ್ತಿತ್ತು. ಒಂದು ಮಾತು ಸಾಕು, ಮಾಮಿ ಎದ್ದು ಚಹಾಕ್ಕೆ ನೀರಿಡುತ್ತಾರೆ. ಆದರೆ ಆಮೇಲೆ ಈ ಎದುರಿಗೆ ಕೂತ ಮನುಷ್ಯ ಯಾರು? ಅವರು ಇನ್ನು ಮುಂದೆ ತಮ್ಮ ಹೆಂಡತಿಯ ಜೊತೆ ಮಾತಾಡಬೇಕಾದಾಗಲೆಲ್ಲ ನನ್ನನ್ನು ಕರೆಯಬೇಕು. ಆ ಸ್ವರವನ್ನು ನುಂಗಿದೆ. ನಿಜಕ್ಕೂ ಗಂಟಲು ನೋಯುವಷ್ಟು ಕಷ್ಟಪಟ್ಟು ನುಂಗಿದೆ. ನನ್ನದನ್ನು ಹುಡುಕಿ ಹೇಳಿದೆ: "ಮಾಮಿ, ಇದು ನಾನು. ಮಾಮ ಇಲ್ಲೇ ಇದ್ದಾರೆ. ಗಂಟಲು ಸರಿ ಇಲ್ಲ."

ಊರವರ ಸ್ವರವನ್ನೆಲ್ಲ ಕದಿಯುವ ನನ್ನ ಬಾಯಿಗೆ, ಇರುವ ಎಲ್ಲ ಮಾತುಗಳಲ್ಲಿ ಅದೇ ಸಿಕ್ಕಿತು.

ಮಾಮಿಯಿಂದ ಒಂದು ಸದ್ದು ಬಂತು. ಅದನ್ನು ನಾನು ಎಂದೂ ಅಣಕಿಸಲಾರೆ. ಮಾಮ ನನ್ನ ಕೈಯಿಂದ ಫೋನು ಕಿತ್ತುಕೊಂಡರು. ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯುವ ಮೊದಲೇ ಹೆಬ್ಬೆರಳು ಕ್ಯಾಮೆರಾದ ಗುರುತನ್ನು ಒತ್ತಿತ್ತು. ಇಷ್ಟು ವರ್ಷ ಯಾವ ಗಾಜಿಗೂ ಕೊಡದ ಮುಖವನ್ನು ಫೋನಿನ ಮುಂದೆ, ತೀರಾ ಹತ್ತಿರ, ಮೂಗು ತಗಲುವಷ್ಟು ಹತ್ತಿರ ಹಿಡಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದಲೂ ಚಿತ್ರ ಬಂತು. ತಲೆಯ ಮೇಲೆ ಸೆರಗು ಎಳೆದುಕೊಂಡ ಮಾಮಿ, ಹಿಂದೆ ಹೊಸ ಸುಣ್ಣದ ಗೋಡೆ.

"ನಾನೇ," ಎಂದಿತು ಮಾಮನ ಮುಖ, ಬಟ್ಟೆ ಹರಿದ ಸ್ವರದಲ್ಲಿ. ಕೊರಳು ತೋರಿಸಿ ಗಂಟಿನ ವಿಷಯ ಹೇಳಿದರು.

ಮಾಮಿ ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು. ಬಾಯಿ, ಕಣ್ಣು, ಮತ್ತೆ ಬಾಯಿ. ಮುಖಕ್ಕೂ ಸ್ವರಕ್ಕೂ ತಾಳೆಯಾಗುತ್ತಿಲ್ಲ ಎಂದು ಅವರ ಹುಬ್ಬೇ ಹೇಳುತ್ತಿತ್ತು. "ಹಾಗಾದರೆ ಒಂದು ತಿಂಗಳಿಂದ ನನ್ನ ಜೊತೆ ಮಾತಾಡಿದ್ದು ಯಾರು?"

ಮಾಮ ಫೋನನ್ನು ನನ್ನ ಕಡೆ ತಿರುಗಿಸಿದರು. ನಾನು ಏನಾದರೂ ತಮಾಷೆ ಮಾಡುತ್ತೇನೆ ಎಂದು ನಾನೇ ಕಾದೆ. ಏನೂ ಬರಲಿಲ್ಲ. ಮಾಮಿ ನನ್ನನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಫೋನು ಮತ್ತೆ ಮಾಮನ ಕಡೆ ಹೋಯಿತು.

"ಆ ಶುಕ್ರವಾರ ಬರ್ತೇನೆ ಅಂದದ್ದು?" ಎಂದರು ಮಾಮಿ. "ಇನ್ಷಾ ಅಲ್ಲಾಹ್ ಕೂಡ ಹೇಳದೆ. ಅದು ನೀವಾ, ಅವನಾ?"

ಮಾಮನಿಗೆ ಅದು ಆಗ ಗೊತ್ತಾದದ್ದು. ಅವರು ನನ್ನ ಕಡೆ ತಿರುಗಿದರು. ಸುಣ್ಣ, ಚೀಟಿ, ಆ ಧೂಳಿನ ದಿನ, ಎಲ್ಲ ಅವರ ಕಣ್ಣಿನಲ್ಲಿ ಒಂದಕ್ಕೊಂದು ಜೋಡಣೆಯಾಗುವುದನ್ನು ನಾನು ಕೂತು ನೋಡಿದೆ. ಅವರ ಬೆನ್ನ ಹಿಂದೆ ಕಪಾಟು. ನಲವತ್ತೊಂದು ಮಂದಿಯೂ ನನ್ನ ಕಡೆಗೇ ತಿರುಗಿ ನಿಂತಿದ್ದಾರೆ ಎಂದು ಆಗ ಅನ್ನಿಸಿತು. ನಾನೇ ಹಾಗೆ ನಿಲ್ಲಿಸಿದ್ದು, ಆದರೂ. ನಾನು, ಮಾಮಿ, ಎಂದು ಬಾಯಿ ತೆರೆದೆ. ಮಾಮ ಬೆರಳೆತ್ತಿ ನಿಲ್ಲಿಸಿದರು.

"ನಾನೇ," ಎಂದರು ಫೋನಿಗೆ. "ಇನ್ಷಾ ಅಲ್ಲಾಹ್ ಹೇಳಲಿಕ್ಕೆ ಮರೆತೆ. ಈಗ ಹೇಳ್ತೇನೆ."

ಹೇಳಿದರು. ಬಟ್ಟೆ ಕೊನೆಯ ಎಳೆಯ ತನಕ ಹರಿದ ಹಾಗೆ ಕೇಳಿತು.

ಮಾಮಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬ್ಯಾರಿಯಲ್ಲಿ ಸುರು ಮಾಡಿದರು. ಕೊಯ್ಯಿಸಿಕೊಂಡು ಬಂದು ಹೇಳದೆ ಇದ್ದದ್ದಕ್ಕೆ, ಹುಡುಗನ ಕೈಯಲ್ಲಿ ಮಾತಾಡಿಸಿದ್ದಕ್ಕೆ, ಇಪ್ಪತ್ತಾರು ವರ್ಷದ ಹಿಂದಿನ ಯಾವುದೋ ಒಂದು ಪೆಟ್ಟಿಗೆಯ ವಿಷಯಕ್ಕೆ. ಮುಕ್ಕಾಲು ಗಂಟೆ. ಮಾಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೂಂ, ಹೂಂ ಎನ್ನುತ್ತಾ, ಒಂದು ಕ್ಷಣವೂ ಮುಖ ಆಚೆ ಮಾಡದೆ ಕೇಳಿದರು. ನಾನು ಎದ್ದು ತಾರಸಿಗೆ ಹೋದೆ.

ಆ ವರ್ಷವೇ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಇಲ್ಲಿ ಇರುವ ಪರವಾನಗಿಯಾದ ಇಕಾಮಾ ರದ್ದು ಮಾಡಿಸಿ, ಮಾಮ ಊರಿಗೆ ಹೋದರು. ಆ ಶುಕ್ರವಾರದ ಬಗ್ಗೆ ಹೋಗುವ ತನಕ ನನ್ನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಮನೆ ಈಗ ನನ್ನ ಹೆಸರಿನಲ್ಲಿದೆ, ಮುಖ ಬೇಡ ಎನ್ನುವವರು ಯಾರೂ ಇಲ್ಲ. ಒಂದು ದಿನ ಸಪೂರ ಕುಂಚ ತೆಗೆದುಕೊಂಡು ಕೊಡಲಿಯವನನ್ನು ಲಬನ್ ಮುಚ್ಚಳಕ್ಕೆ ಅಂಟಿಸಿ ಕೂತೆ. ಕಣ್ಣಿನ ಬಿಳಿಯನ್ನು ಕಲಸಿಯೂ ಆಗಿತ್ತು. ಯಾರ ಮುಖ ಬರುತ್ತದೋ ಎಂದು ಕೈ ಹೋಗಲಿಲ್ಲ. ಬಣ್ಣ ತಟ್ಟೆಯಲ್ಲೇ ಒಣಗಿತು. ಭಟ್ಕಳದವನು ಶುಕ್ರವಾರ ಬರುತ್ತಾನೆ, ಇಬ್ಬರೇ ಆಡುತ್ತೇವೆ. ಬಾಗಿಲು ಬಂದಾಗ ಅವನು ಒಂದು ಗಳಿಗೆ ಕಾಯುತ್ತಾನೆ. ನಾನು ದಾಳ ಹಾಕಿಬಿಡುತ್ತೇನೆ.

ಮಾಮ ಆಗಾಗ ಅಸರ್ ಆದ ಮೇಲೆ ಫೋನ್ ಮಾಡುತ್ತಾರೆ. ಸ್ವರ ಸ್ವಲ್ಪ ಮೆತ್ತಗಾಗಿದೆ, ಹರಿದ ಬಟ್ಟೆಗೆ ಅಂಚು ಹೊಲಿದ ಹಾಗೆ. ಮೊನ್ನೆ ಮಾತು ಮುಗಿಸುವ ಮುಂಚೆ, ಮಾಮಿ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಒಮ್ಮೆ ಅವನ ಸಲಾಂ ಕೇಳಿಸು ಮಾರಾಯ," ಎಂದರು. ‘ನನ್ನ’ ಎನ್ನಲಿಲ್ಲ, ಆ ಕೊಡಲಿಯವನದು ಎಂಬ ಹಾಗೆ ‘ಅವನ’ ಎಂದರು.

ಅದು ಈಗ ನನಗೆ ಬರುವುದಿಲ್ಲ, ಮರೆತುಹೋಗಿದೆ ಎಂದೆ. ನನ್ನ ಸ್ವರದಲ್ಲೇ ಹೇಳಿದೆ ಎಂದುಕೊಂಡಿದ್ದೆ. ಆ ಕಡೆಯಲ್ಲಿ ಮಾಮ ಮೆಲ್ಲಗೆ, "ವಅಲೈಕುಂ ಸಲಾಂ," ಎಂದು ಫೋನಿಟ್ಟರು.